ಪಾತ್ರೆಗೆ ಹಾಕಿದ್ದೇ ಸರಪಳಿಗೆ ಬರುವುದಿಲ್ಲ

‘ಸ್ಟೈರೀನ್ ಮತ್ತು ವಿನೈಲ್ ಅಸಿಟೇಟ್ ಸಮಪ್ರಮಾಣದಲ್ಲಿ ಬೆರೆಸಿದೆವು, ಆದ್ದರಿಂದ ಇದು ಅರ್ಧಕ್ಕರ್ಧ ಕೋಪಾಲಿಮರ್’ ಎಂಬ ಬಗೆಯ ವಾಕ್ಯ ಕಂಡರೆ ನನಗೆ ರೇಗುತ್ತದೆ. ಕೋಪಾಲಿಮರ್ ಎಂದರೆ ಎರಡು ಬಗೆಯ ಸಣ್ಣ ಅಣುಗಳು (ಮಾನೋಮರ್‌ಗಳು) ಕೊಂಡಿಗಳಂತೆ ಸೇರಿ ಆದ ಉದ್ದ ಸರಪಳಿ. ಬೆರೆಸಿದ್ದು ನೀವು, ನಿಜ. ಸೇರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮಾತ್ರ ಬೆಳೆಯುತ್ತಿರುವ ಸರಪಳಿಯ ತುದಿಯಲ್ಲಿ ಜೋಡಿಯಿಲ್ಲದ ಒಂಟಿ ಎಲೆಕ್ಟ್ರಾನ್ ಹೊತ್ತಿರುವ ರ‍್ಯಾಡಿಕಲ್.

ಈ ಜೋಡಿಯನ್ನೇ ನೋಡಿ. ಬೆಂಜೀನ್ ಉಂಗುರದ ಆಸರೆ ಇರುವುದರಿಂದ ಸ್ಟೈರೀನ್ ರ‍್ಯಾಡಿಕಲ್‌ಗೆ ಆತುರವಿಲ್ಲ. ಅದು ತನ್ನ ಕುಲದ ಮಾನೋಮರನ್ನು ವಿನೈಲ್ ಅಸಿಟೇಟ್‌ಗಿಂತ ಸುಮಾರು 50 ಪಟ್ಟು ಹೆಚ್ಚು ಬಯಸುತ್ತದೆ. ವಿನೈಲ್ ಅಸಿಟೇಟ್ ರ‍್ಯಾಡಿಕಲ್‌ಗೆ ಅಂಥ ಆಸರೆಯಿಲ್ಲ. ಅದೂ ಸ್ಟೈರೀನನ್ನೇ ಬಾಚಿಕೊಳ್ಳುತ್ತದೆ. ಹೀಗಾಗಿ ಸಮಪ್ರಮಾಣದಲ್ಲಿ ಬೆರೆಸಿದರೂ ಮೊದಲು ಹುಟ್ಟುವ ಸರಪಳಿಯಲ್ಲಿ ಸ್ಟೈರೀನ್‌ನದೇ ಸುಮಾರು ಶೇ 98 ಪಾಲು. ಸ್ಟೈರೀನ್ ಮುಗಿಯುವವರೆಗೆ ವಿನೈಲ್ ಅಸಿಟೇಟ್ ಹೆಚ್ಚುಕಡಿಮೆ ಸುಮ್ಮನೆ ಕುಳಿತಿರುತ್ತದೆ. ಕೊನೆಗೆ ಕೈಗೆ ಸಿಗುವುದು ಒಂದಕ್ಕೊಂದು ಬೆರೆಯದ ಎರಡು ಪಾಲಿಮರ್‌ಗಳು!

1944ರಲ್ಲಿ ರಸಾಯನವಿಜ್ಞಾನಿಗಳಾದ ಮೇಯೊ ಮತ್ತು ಲೂಯಿಸ್ ಈ ಲೆಕ್ಕವನ್ನು ಸಮೀಕರಣಕ್ಕೆ ಇಳಿಸಿದಾಗ ಅವರು ಆರಿಸಿಕೊಂಡ ಜೋಡಿ ಸ್ಟೈರೀನ್ ಮತ್ತು ಮೀಥೈಲ್ ಮೆಥಕ್ರಿಲೇಟ್. ಅದು ಸಭ್ಯ ಜೋಡಿ: ಎರಡೂ ಪರಸ್ಪರರನ್ನು ತುಸು ಹೆಚ್ಚಾಗಿಯೇ ಬಯಸುತ್ತವೆ. ಪಾಠದಲ್ಲಿ ಇದನ್ನೊಂದನ್ನೇ ತೋರಿಸಿದರೆ ಎಲ್ಲ ಮಾನೋಮರ್‌ಗಳೂ ಹೀಗೇ ಎಂಬ ಭ್ರಮೆ ಉಳಿಯುತ್ತದೆ. ಇದೇ ಜೋಡಿಗೆ ರ‍್ಯಾಡಿಕಲ್ ಬದಲು ಕ್ಯಾಟಯಾನಿಕ್ ಚಾಲಕ (ಸರಪಳಿಯ ತುದಿಗೆ ಧನ ಆವೇಶ ಕೊಟ್ಟು ಕ್ರಿಯೆ ಆರಂಭಿಸುವಂಥದ್ದು) ಹಾಕಿ, ಬಹುಪಾಲು ಪಾಲಿಸ್ಟೈರೀನ್ ಬರುತ್ತದೆ. ಆನಯಾನಿಕ್ (ಋಣ ಆವೇಶ ಕೊಡುವಂಥದ್ದು) ಹಾಕಿದರೆ ಬಹುಪಾಲು ಮೆಥಕ್ರಿಲೇಟ್. ಮೆಲೇಯಿಕ್ ಅನ್‌ಹೈಡ್ರೈಡ್‌ನದು ಇನ್ನೊಂದು ಬಗೆ: ಒಂಟಿಯಾಗಿ ಸರಪಳಿ ಕಟ್ಟಲು ಒಲ್ಲದು, ಸ್ಟೈರೀನ್ ಸಿಕ್ಕರೆ ಒಂದು ಬಿಟ್ಟು ಒಂದರಂತೆ ಸಾಲಾಗಿ ನಿಲ್ಲುತ್ತದೆ.

ದ್ರಾವಕವಿಲ್ಲದ ಬಲ್ಕ್ ಪಾಲಿಮರೀಕರಣದಲ್ಲಿ ಪಾಡು ಇನ್ನೂ ಹೆಚ್ಚು. ವೇಗವಾಗಿ ಸೇರುವ ಮಾನೋಮರ್ ಮೊದಲು ಖರ್ಚಾಗುವುದರಿಂದ ಉಳಿದ ಮಿಶ್ರಣದ ಪ್ರಮಾಣ ಗಳಿಗೆಗಳಿಗೆಗೂ ಬದಲಾಗುತ್ತದೆ, ಸರಪಳಿಯ ರಚನೆಯೂ ಅದರ ಹಿಂದೆಯೇ ಸರಿಯುತ್ತದೆ. ಸ್ಟೈರೀನ್–ಅಕ್ರಿಲೋನೈಟ್ರೈಲ್ ಜೋಡಿಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 75:25 ಇದ್ದರೆ ಹಾಕಿದ್ದೇ ಸರಪಳಿಗೂ ಬರುತ್ತದೆ. ಅದರಿಂದ ದೂರ ಸರಿದು ಕೊನೆಯವರೆಗೆ ಓಡಿಸಿದರೆ ಆರಂಭದ ಸರಪಳಿಗಳೂ ಕೊನೆಯವೂ ಹೊಂದದೆ ಗಾಜಿನಂತಿರಬೇಕಾದ ವಸ್ತು ಮಬ್ಬಾಗುತ್ತದೆ. ಕಡಿಮೆಯಾದ ಮಾನೋಮರನ್ನು ನಡುವೆ ಸುರಿದು ಸರಿಪಡಿಸೋಣವೆಂದರೆ ಅಷ್ಟರಲ್ಲಿ ಪಾಕ ಗಟ್ಟಿಯಾಗಿ ಕಲಕುವುದೇ ಕಷ್ಟ. ಆ ಗಟ್ಟಿತನದಲ್ಲಿ ರ‍್ಯಾಡಿಕಲ್‌ಗಳು ಒಂದನ್ನೊಂದು ಕಂಡು ಸಾಯುವುದು ತಡವಾಗುತ್ತದೆ, ಕ್ರಿಯೆ ನುಗ್ಗುತ್ತದೆ, ಶಾಖ ಹೊರಹೋಗಲು ದಾರಿಯಿರುವುದಿಲ್ಲ.

ಆದ್ದರಿಂದ ಕೋಪಾಲಿಮರ್ ಎಂದು ಬರೆಯುವವರು ಬೆರೆಸಿದ ಪ್ರಮಾಣದ ಪಕ್ಕದಲ್ಲೇ, ಶೇಕಡಾ ಎಷ್ಟು ಮಾನೋಮರ್ ಪಾಲಿಮರ್ ಆದಾಗ ಕ್ರಿಯೆ ನಿಲ್ಲಿಸಿದರು, ಸರಪಳಿಯಲ್ಲಿ ಅಳೆದಾಗ ಏನು ಸಿಕ್ಕಿತು ಎಂಬುದನ್ನೂ ಬರೆಯಲಿ. ಬರೆಯದ ವರದಿಯನ್ನು ನಾನಂತೂ ಮುಂದಕ್ಕೆ ಓದುವುದಿಲ್ಲ.