ಮೊದಲು ನೀವು ಹೋಗಿ

ನಾಲ್ಕು ರಸ್ತೆ ಕೂಡುವಲ್ಲಿ ನಾಲ್ಕೂ ಬದಿಗೆ ‘ಸ್ಟಾಪ್’ ಫಲಕವಿದ್ದರೆ ಮೊದಲು ಬಂದವರು ಮೊದಲು ಹೋಗಬೇಕು. ಒಟ್ಟಿಗೆ ಬಂದರೆ ಬಲಗಡೆಯವರು. ಡ್ರೈವಿಂಗ್ ಪರೀಕ್ಷೆಗೆಂದು ನಾನು ಬಾಯಿಪಾಠ ಮಾಡಿದ ಈ ನಿಯಮಕ್ಕೆ ಅಮೆರಿಕದ ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಕವಡೆ ಕಿಮ್ಮತ್ತಿಲ್ಲ.

ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ಮೀಟಿಂಗ್ ಇತ್ತು. ಬಲಗಡೆ ಪಿಕಪ್ ಟ್ರಕ್ಕಿನ ಅಜ್ಜ ನನಗಿಂತ ಮೊದಲೇ ಬಂದು ನಿಂತಿದ್ದರು. ಹೋಗಬೇಕಾದವರು ಅವರೇ. ಹೋಗಲಿಲ್ಲ. ಸ್ಟಿಯರಿಂಗ್ ಮೇಲಿಂದ ಬೆರಳೆತ್ತಿ, ನೀನು ಹೋಗಮ್ಮ ಎಂಬಂತೆ ಕೈಯಾಡಿಸಿದರು. ಅಷ್ಟರಲ್ಲಿ ಎಡಗಡೆ ಬಂದಾಕೆ ಅಜ್ಜನಿಗೆ ಕೈ ಬೀಸಿದಳು. ಎದುರಿನ ಅಂಚೆ ವ್ಯಾನಿನವನು ಆಕೆಗೆ ಬೀಸಿದ. ಅಜ್ಜನ ಮಾತಿಗೆ ಬೆಲೆ ಕೊಟ್ಟು ನಾನು ಬ್ರೇಕ್ ಬಿಟ್ಟೆ. ಅದೇ ಗಳಿಗೆಗೆ ಮೂವರೂ ಬಿಟ್ಟರು. ಎಲ್ಲರೂ ಗಕ್ಕನೆ ನಿಂತೆವು. ಮತ್ತೆ ನಗು, ಮತ್ತೆ ಕೈ. ಮದುವೆ ಮನೆಯಲ್ಲಿ ಬೀಗರಿಬ್ಬರು ‘ನೀವು ಮೊದಲು ಕೂತುಕೊಳ್ಳಿ’ ಎಂದು ಉಪಚಾರ ಹೇಳುತ್ತಾ ಎಲೆಯಲ್ಲಿ ಬಡಿಸಿದ್ದನ್ನು ತಣ್ಣಗಾಗಿಸುತ್ತಾರಲ್ಲ, ಹಾಗೆ. ಹಿಂದೆ ಸಾಲು ಬೆಳೆಯುತ್ತಿದೆ, ಒಬ್ಬರಾದರೂ ಹಾರ್ನ್ ಒತ್ತಬೇಡವೇ? ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅಂಗುಲ ಅಂಗುಲವಾಗಿ ಮೂತಿ ತೂರಿಸಿ ಕಲಿತ ವಿದ್ಯೆಯೆಲ್ಲ ಈ ಸೌಜನ್ಯದ ಮುಂದೆ ದಂಡ. ಕಡೆಗೆ ರಸ್ತೆ ದಾಟಿದ್ದು ನಾಯಿ ಹಿಡಿದುಕೊಂಡು ಬಂದ ಒಬ್ಬ ಹುಡುಗ. ಮೀಟಿಂಗ್ ಮುಗಿಯುವ ಹೊತ್ತಿಗೆ ತಲುಪಿದೆ. ಬಾಸ್ ಬೈಯಲೂ ಇಲ್ಲ, ವಾರಾಂತ್ಯ ಹೇಗಿತ್ತು ಎಂದು ಕೇಳಿದರು. ಬೈದಿದ್ದರೆ ವಾಸಿಯಿತ್ತು.

ಪಕ್ಕದ ಗ್ರಿಯರ್‌ನಲ್ಲಿ 1994ರಿಂದ ಬಿಎಂಡಬ್ಲ್ಯು ಕಾರುಗಳು ತಯಾರಾಗುತ್ತಿವೆ. ಅಂಥ ವೇಗದ ಗಾಡಿ ಯಾರಿಗಾಗಿ ಮಾಡುತ್ತಾರೋ, ಇಲ್ಲಿಯವರಿಗಂತೂ ಅವಸರವಿಲ್ಲ. ರೀಡಿ ನದಿಯ ಜಲಪಾತದೆದುರಿನ ಲಿಬರ್ಟಿ ತೂಗುಸೇತುವೆಯನ್ನು ದಾಟಲು ಎರಡು ನಿಮಿಷ ಸಾಕು. ಎದುರಾದವರಿಗೆಲ್ಲ ‘ಹೇಗಿದ್ದೀರಿ’ ಎನ್ನುತ್ತಾ ಹೋದರೆ ಅರ್ಧ ಗಂಟೆ.

ಮನೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಬಟ್ಟಲು ತುಂಬ ಬೇಯಿಸಿದ ಸೊಪ್ಪು ತಂದುಕೊಟ್ಟರು. ನಾವು ಮಾಂಸ ತಿನ್ನುವುದಿಲ್ಲ ಎಂದೆ. ‘ಇದು ಸೊಪ್ಪಲ್ಲವೇ?’ ಎಂದರು. ಜೊತೆಗೆ ಬೇಯಿಸಿದ ಹಂದಿಯ ಮೂಳೆ ಅವರ ಲೆಕ್ಕದಲ್ಲಿ ಒಗ್ಗರಣೆ. ಮರುವಾರ ನಮಗೆಂದೇ ಬೇರೆ ಪಾತ್ರೆಯಲ್ಲಿ ಬೇಯಿಸಿ ತಂದರು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಎದುರು ಬಾಗಿಲಿನವರ ಹೆಸರು ನನಗೆ ತಿಳಿದದ್ದು ತಪ್ಪಿ ನಮ್ಮ ಮನೆಗೆ ಬಂದ ಅವರ ಪಾರ್ಸೆಲ್‌ನಿಂದ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಆ ಬಾಗಿಲು ತಟ್ಟಲು ಕೈ ಬರಲಿಲ್ಲ. ಇಲ್ಲಿ ಅಮ್ಮನ ಮಂಡಿನೋವು ದಿನಸಿ ಅಂಗಡಿಯ ಕ್ಯಾಷಿಯರ್‌ಗೂ ಗೊತ್ತು. ಪ್ರತಿ ಸಲ ವಿಚಾರಿಸುತ್ತಾಳೆ. ಸಾಲಿನಲ್ಲಿ ಹಿಂದೆ ನಿಂತವರು ಮುಖ ಸಿಂಡರಿಸುವ ಬದಲು ತಮ್ಮ ಮಂಡಿಯ ಕಥೆಯನ್ನೂ ಸೇರಿಸುತ್ತಾರೆ. ನನ್ನ ಐಸ್‌ಕ್ರೀಮ್ ಕರಗುತ್ತಿದೆ ಎಂದು ಇವರಿಗೆ ಹೇಗೆ ಹೇಳುವುದು?