ಬಾಡು ಬಿಟ್ಟಿದ್ದು ಸರಿ, ಮೊಸರು ಯಾಕೆ?

"ಬಾಡ್ ಬುಟ್ಟಿದ್ದು ಸರಿ ಕಣ್ಲಾ, ಮೊಸ್ರು ಏನ್ ಮಾಡಿತ್ತು ನಿಂಗೆ?" ಪಾಂಡವಪುರದ ಹತ್ತಿರದ ನಮ್ಮೂರಿಗೆ ಹೋದಾಗಲೆಲ್ಲ ಅವ್ವ ಕೇಳುವ ಮಾತಿದು. ನಾನೀಗ ವೀಗನ್, ಅಂದರೆ ಬಾಡಿನ (ಮಾಂಸದ) ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟವನು. ಮೈಸೂರಿನ ಗೆಳೆಯರದು ಬೇರೆ ಅನುಮಾನ. ಮಂಡ್ಯದವನು ಬಾಡು ಬಿಟ್ಟ ಅಂದರೆ ಪುಳಿಚಾರಿನ ಕಡೆ, ಅಂದರೆ ಮಡಿವಂತ ಸಸ್ಯಾಹಾರಿಗಳ ಕಡೆ, ಸೇರಿಕೊಂಡ ಅಂತಲೇ ಲೆಕ್ಕ. 2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ಗಲಾಟೆ ಆಯ್ತಲ್ಲ, ಆಗ ನಾನು ಬಾಡೂಟದ ಪರ ಇದ್ದೆ. ಈಗಲೂ ಇದ್ದೇನೆ. ಮಡಿಯ ಲೆಕ್ಕದಲ್ಲಿ ಹಾಲು ತುಪ್ಪಕ್ಕೇ ಮೊದಲ ಮಣೆ, ಅಲ್ವಾ? ನನ್ನ ತಕರಾರು ಇರುವುದೇ ಆ ಹಾಲಿನ ಜೊತೆ.

ಮೂರು ವರ್ಷದ ಹಿಂದೆ ನಮ್ಮ ಸೀಮೆಹಸು ಗಂಡುಗರು ಹಾಕಿತು. ಮನೆಯಲ್ಲಿ ಗಿಣ್ಣು. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ, ತಟ್ಟೆಯಲ್ಲಿ ಚೌಕಚೌಕ ಕೊಯ್ದು, ಅವ್ವ ಅಕ್ಕಪಕ್ಕದ ಮನೆಗೂ ಹಂಚಿದಳು. ನಾನು ನಾಲ್ಕು ತುಂಡು ತಿಂದೆ. ಕೊಟ್ಟಿಗೆಯಲ್ಲಿ ಕರು ಗೂಟ ಸುತ್ತುತ್ತಾ ಅರಚುತ್ತಿತ್ತು. ಗಿಣ್ಣುಹಾಲು ಬರುವುದೇ ಅದಕ್ಕೋಸ್ಕರ. ರೋಗ ತಡೆಯುವ ಶಕ್ತಿ ಕರುವಿಗೆ ಸಿಗುವುದು ಅದರಿಂದಲೇ. ಹೆಣ್ಣಾಗಿದ್ದರೆ ಎರಡು ಮೊಲೆ ಬಿಡುತ್ತಿದ್ದರು. ಇದು ಗಂಡು, ಅದೂ ಸೀಮೆತಳಿ. ಹಳ್ಳಿಕಾರ್ ಹೋರಿಯ ಹಾಗೆ ಹಿಣಿಲಿಲ್ಲ, ಉಳುಮೆಗೆ ಬರಲ್ಲ. ಮೊದಲಾದರೆ ಮಾರುತ್ತಿದ್ದರು. 2021ರಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯ್ದೆ ಜಾರಿಗೆ ಬಂದ ಮೇಲೆ ನಮ್ಮ ಕಡೆ ಕೊಳ್ಳುವವರೂ ಬರುತ್ತಿಲ್ಲ. ಇಪ್ಪತ್ತು ದಿನಕ್ಕೆ ಸತ್ತಿತು. ಯಾರೂ ಹೊಡೆಯಲಿಲ್ಲ, ಬಡಿಯಲಿಲ್ಲ. ಸುಮ್ನೆ ಹಾಲು ಕಮ್ಮಿ ಬಿಟ್ಟೆವು, ಅಷ್ಟೆ.

ಅವ್ವನನ್ನು ಬೈಯಲಾ? ಹದಿನೈದು ದಿನಕ್ಕೊಮ್ಮೆ ಬರುವ ಡೈರಿ ಬಟವಾಡೆಯಲ್ಲೇ ನನ್ನ ಕಾಲೇಜು ಫೀಸು ಕಟ್ಟಿದ್ದು. ಕಬ್ಬಿನ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಹಾಗಾಗಿ ನಾನು ಯಾರಿಗೂ ಬುದ್ಧಿ ಹೇಳಲು ಹೋಗಲ್ಲ. ನಾನು ಬಿಟ್ಟೆ.

ವೀಗನ್ ಅಂದರೆ ಬಾದಾಮಿ ಹಾಲಿನ ದುಬಾರಿ ಶೋಕಿ ಅಂತ ಅಂದುಕೊಂಡಿದ್ದೀರಾ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟೇ ಹಸುವಿನ ಹಾಲಲ್ಲಿ 120ರ ಆಸುಪಾಸು. ಹಾಗಂತ ರಾಗಿಯದ್ದು ಪೂರ್ತಿ ಮೈಗೆ ಹತ್ತಲ್ಲ, ಅದರಲ್ಲಿರುವ ಫೈಟೇಟ್ ಅನ್ನೋ ಅಂಶ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತೆ. ಮೊಳಕೆ ಕಟ್ಟಿದರೆ ಆ ಕಾಟ ಕಮ್ಮಿ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಸೊಪ್ಪಿನ ಪಲ್ಯಕ್ಕೆ ನಿಂಬೆಹುಳಿ. ಹುಳಿ ಇದ್ದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಜಾಸ್ತಿ ಹತ್ತುತ್ತೆ. ಊಟದ ಬೆನ್ನಿಗೇ ಟೀ ಕುಡಿದರೆ ಅದಕ್ಕೂ ಕಲ್ಲು.

ವಿಟಮಿನ್ ಬಿ12 ವಿಷಯದಲ್ಲಿ ಮಾತ್ರ ನಾನು ಬೆಪ್ಪನಾದೆ. ಹೊಲದ ಸೊಪ್ಪಲ್ಲಿ ಎಲ್ಲಾ ಇದೆ ಅಂತ ಒಂದೂವರೆ ವರ್ಷ ಮಾತ್ರೆ ಮುಟ್ಟಲಿಲ್ಲ. ಪಾದ ಜುಮುಜುಮು ಅನ್ನೋಕೆ ಶುರುವಾಯ್ತು, ಮೆಟ್ಟಿಲು ಹತ್ತಿದರೆ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತಳ ಹಿಡಿದಿತ್ತು. ಸೊಪ್ಪು, ಕಾಳು, ಹಣ್ಣು ಯಾವುದರಲ್ಲೂ ಅದು ಸಾಕಷ್ಟು ಸಿಗಲ್ಲ. ಮಾತ್ರೆ ನುಂಗಲೇಬೇಕು. ಇದನ್ನು ಮುಚ್ಚಿಟ್ಟು ವೀಗನ್ ಆಗಿ ಅನ್ನುವವರ ಮಾತು ಕೇಳಬೇಡಿ.

ಹೋದ ವಾರ ಊರಿಗೆ ಹೋಗಿದ್ದೆ. ಹಸು ಮತ್ತೆ ಗಬ್ಬ. "ಈ ಸಲ ಹೆಣ್ಣಾಗ್ಲಿ ಅಂತ ಹರಕೆ ಹೊತ್ತಿವ್ನಿ" ಅಂದಳು ಅವ್ವ. ಆಮೇಲೆ ಕೇಳದಿದ್ದರೂ ಮುದ್ದೆ ಪಕ್ಕ ಒಂದಿಷ್ಟು ಹುಚ್ಚೆಳ್ಳು ಚಟ್ನಿ ಇಟ್ಟಳು.