ಟವೆಲ್ ಕೆಳಗಿನ ನಾಯಿಮರಿ

ನಿನ್ನೆ ಸಂಜೆ ಒಂದು ಇಮೇಲ್ ಬಂತು. ತುಂಬ ಸಭ್ಯವಾದ ಇಮೇಲ್. ಮಳೆಯ ಮಾತಿನಿಂದ ಶುರುವಾಗಿ, ನನ್ನ ಮಗಳನ್ನು ಹೊಗಳಿ, ನಾಲ್ಕನೇ ಪ್ಯಾರಾದಲ್ಲಿ ವಿಷಯಕ್ಕೆ ಬಂತು. ಈ ಸಲ ನಿಮಗೆ ಮರಿ ಕೊಡಲು ಆಗುವುದಿಲ್ಲ.

ಈ ದೇಶ ನನಗೆ ವೀಸಾ ಕೊಟ್ಟಿದೆ. ಇಲ್ಲಿನ ಬ್ಯಾಂಕು ಇಪ್ಪತ್ತೈದು ವರ್ಷದ ಮನೆ ಸಾಲ ಕೊಟ್ಟಿದೆ. ಮೂರನೇ ಸಲಕ್ಕೆ ಡ್ರೈವಿಂಗ್ ಲೈಸೆನ್ಸ್ ಕೂಡ ಸಿಕ್ಕಿದೆ. ನಾಯಿಮರಿ ಮಾತ್ರ ಕೊಡುವುದಿಲ್ಲವಂತೆ.

ನಾವಿರುವುದು ರೆಡಿಂಗ್‌ನಲ್ಲಿ, ಲಂಡನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆ. ಮಗಳಿಗೆ ಒಂಬತ್ತು ವರ್ಷ. ಅವಳ ಕ್ಲಾಸಿನಲ್ಲಿ ನಾಯಿ ಇಲ್ಲದ ಮನೆ ನಮ್ಮದೊಂದೇ ಅಂತೆ. ಲೆಕ್ಕ ಅವಳದ್ದು, ನಾನು ಹೋಗಿ ಎಣಿಸಿಲ್ಲ. ಲ್ಯಾಬ್ರಡಾರೇ ಬೇಕು, ಅದೂ ಹಳದಿಯದ್ದೇ ಬೇಕು. ಆರು ತಿಂಗಳ ಹಟದ ನಂತರ ನನ್ನ ಗಂಡ ಒಪ್ಪಿದರು. ಒಪ್ಪಿದವರು ಸುಮ್ನೆ ಇರಲಿಲ್ಲ, ಎಕ್ಸೆಲ್ ಶೀಟ್ ತೆರೆದರು. ಇಲ್ಲಿ ಲ್ಯಾಬ್ರಡಾರ್ ಮರಿ ತರುವ ಮೊದಲು ಅದರ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಕೇಳಬೇಕು. ಸೊಂಟದ ಕೀಲಿನ ದೋಷ ಮರಿಗೂ ಬರಬಹುದೆಂದು ಅದಕ್ಕೆ ಅಂಕ ಕೊಟ್ಟಿರುತ್ತಾರೆ. ಒಂದು ಬದಿಗೆ ಹೆಚ್ಚೆಂದರೆ 53, ಎರಡೂ ಸೇರಿ 106. ಕಡಿಮೆ ಬಂದಷ್ಟೂ ಒಳ್ಳೆಯದು. ಮೊಣಕೈಗೆ ಬೇರೆ ಅಂಕ, 0ಯಿಂದ 3. ಕಣ್ಣಿಗೆ ಬೇರೆ ಸರ್ಟಿಫಿಕೇಟು. ಸ್ಕೂಲಿನಲ್ಲಿ ನಾನು ಗಣಿತದಲ್ಲಿ ತೆಗೆಯುತ್ತಿದ್ದ ಅಂಕಕ್ಕೆ ಈ ಪರೀಕ್ಷೆಯಲ್ಲಾದರೆ ರ್‍ಯಾಂಕ್ ಬರುತ್ತಿತ್ತು.

ಇದರ ನಡುವೆ ಮಾವ ಬಂದರು, ದೊಡ್ಡಬಳ್ಳಾಪುರದ ಕಡೆಯಿಂದ, ಆರು ತಿಂಗಳ ವೀಸಾದ ಮೇಲೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಲವತ್ತು ವರ್ಷ ಹಳ್ಳಿಕಾರ್ ಎತ್ತು ಕೊಂಡು ಮಾರಿದವರು, ಮೈಮೇಲಿನ ಕೂದಲ ಸುಳಿ ನೋಡಿ ಲಕ್ಷಣ ಹೇಳುವವರು. ಎಕ್ಸೆಲ್ ಶೀಟ್ ನೋಡಿ, "ಇದ್ರಲ್ಲಿ ಸುಳಿ ಎಲ್ಲೈತೆ?" ಎಂದರು.

ಮೊದಲನೇ ಮರಿಯ ಕಥೆ ಹೇಳಲು ನಾಚಿಕೆಯಾಗುತ್ತದೆ. ಜಾಹೀರಾತಿನಲ್ಲಿ ಮುದ್ದಾದ ಫೋಟೊ. ಫೋನಿನಲ್ಲಿ ಜೇನು ಸುರಿಯುವ ದನಿ. ತಾಯಿ ನಾಯಿ ನೋಡಬಹುದೇ ಎಂದರೆ ಅದು ಡಾಕ್ಟರ ಹತ್ತಿರ ಹೋಗಿದೆ. ಮನೆಗೆ ಬರಲೇ ಎಂದರೆ, ಅಯ್ಯೋ ಅಷ್ಟು ದೂರ ಯಾಕೆ, ಅರ್ಧ ದಾರಿಗೆ ನಾನೇ ಬರುತ್ತೇನೆ, ಮೋಟಾರ್‌ವೇ ಪಕ್ಕದ ಕಾರ್ ಪಾರ್ಕಿನಲ್ಲಿ ಸಿಗೋಣ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು 150 ಪೌಂಡ್ ಮುಂಗಡ ಕಳಿಸಿದೆವು. ಒಂದೂವರೆ ಗಂಟೆ ಕಾರ್ ಪಾರ್ಕಿನಲ್ಲಿ ಕೂತು ಚಿಪ್ಸ್ ತಿಂದೆವು. ಮನುಷ್ಯನೂ ಇಲ್ಲ, ಮರಿಯೂ ಇಲ್ಲ, ಫೋನೂ ಸ್ವಿಚ್ ಆಫ್.

ಆಮೇಲೆ ಕಾನೂನು ಓದಿದೆವು. ಲೂಸಿ ಎಂಬ ಪುಟ್ಟ ಸ್ಪ್ಯಾನಿಯಲ್ ನಾಯಿ ಇತ್ತು. ಬರೀ ಮರಿ ಹಾಕಿಸಲೆಂದೇ ಕೂಡಿಹಾಕಿದ್ದ ಒಂದು ಕಡೆಯಿಂದ ಅದನ್ನು 2013ರಲ್ಲಿ ಬಿಡಿಸಿದ್ದರು. ಅದರ ಹೆಸರಿನ ಕಾನೂನು ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆರು ತಿಂಗಳೊಳಗಿನ ಮರಿಯನ್ನು ಮಧ್ಯವರ್ತಿಗಳು ಮಾರುವಂತಿಲ್ಲ. ಸಾಕಿದವರೇ, ಹುಟ್ಟಿದ ಜಾಗದಲ್ಲೇ, ತಾಯಿಯ ಜೊತೆ ತೋರಿಸಿ ಕೊಡಬೇಕು. ಮಾವನಿಗೆ ವಿವರಿಸಿದೆ. "ದಲ್ಲಾಳಿ ಇಲ್ದಿರೋ ಜಾತ್ರೆ ಅನ್ನು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಎರಡನೆಯದಕ್ಕೆ ಮಾವನನ್ನೂ ಕರೆದುಕೊಂಡು ಹೋದೆವು. ಅಲ್ಲಿ ಮನೆಯಿತ್ತು, ಮರಿಗಳಿದ್ದವು, ತಾಯಿಯೂ ಇತ್ತು. ಮರಿಗಳು ಮಾತ್ರ ತಾಯಿಯನ್ನು ಬಿಟ್ಟು ನನ್ನ ಗಂಡನ ಶೂ ಲೇಸಿನ ಹಿಂದೆ ಬಿದ್ದಿದ್ದವು. ಒಂದು ಮರಿ ಹತ್ತಿರ ಹೋದರೆ ತಾಯಿ ಗುರ್ ಅಂತು. ಮಾವ ಕುಕ್ಕರುಗಾಲಲ್ಲಿ ಕೂತು, ತಲೆ ಬಾಗಿಸಿ, ಅದರ ಹೊಟ್ಟೆಯ ಕೆಳಗೆ ಒಂದು ನಿಮಿಷ ನೋಡಿದರು. "ಇದು ಹೆತ್ತೇ ಇಲ್ಲ ಕಣಮ್ಮ," ಎಂದರು, ಅಷ್ಟೇ ಜೋರಾಗಿ. "ಎಂಟು ವಾರ ಹಾಲು ಕೊಟ್ಟಿರೋ ಹೊಟ್ಟೆ ಹಿಂಗಿರ್ತದಾ?"

ಮನೆಯವನು ಏನಂತಾರೆ ಎಂದು ಕೇಳಿದ. ತುಂಬ ಮುದ್ದಾಗಿದೆ ಅಂತಾರೆ ಎಂದೆ. ಮಗಳು ಬಾಯಿ ತೆರೆಯುವ ಮೊದಲೇ ಅವಳನ್ನು ಎತ್ತಿಕೊಂಡು ಕಾರಿಗೆ ಓಡಿದೆ.

ಮೂರನೆಯದೇ ನಿನ್ನೆಯ ಇಮೇಲಿನವರದು. ಆಕ್ಸ್‌ಫರ್ಡ್‌ಶೈರ್‌ನ ಒಂದು ಹಳ್ಳಿ, ಎಪ್ಪತ್ತರ ಅಜ್ಜಿ, ಮೂವತ್ತು ವರ್ಷದಿಂದ ಲ್ಯಾಬ್ರಡಾರ್ ಸಾಕುತ್ತಿದ್ದಾರೆ. ತಾಯಿ ನಾಯಿ ಅಡುಗೆಮನೆಯಲ್ಲೇ ಮಲಗಿತ್ತು. ಮರಿಗಳು ಅದರ ಮೇಲೆ ಹತ್ತಿ ಇಳಿಯುತ್ತಿದ್ದವು. ಸುಸ್ತಾದ ತಾಯಿಯ ಮುಖ, ಎಲ್ಲಾದರೂ ಒಂದೇ ನೋಡಿ. ನಾವು ಕೇಳುವ ಮೊದಲೇ ಅಜ್ಜಿ ಸೊಂಟದ ಅಂಕಪಟ್ಟಿ ತಂದಿಟ್ಟರು. ನನ್ನ ಗಂಡ ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣ ತುಂಬಿದರು.

ಮಾವನದು ಬೇರೆ ಪರೀಕ್ಷೆ. ಮರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು. ಕಿವಿ ಮೂಸಿದರು. ಹಿಂದೆ ನಿಂತು ಚಪ್ಪಾಳೆ ತಟ್ಟಿ ತಿರುಗುತ್ತದಾ ನೋಡಿದರು. ನಾಲ್ಕು ಹೆಜ್ಜೆ ನಡೆಸಿದರು. ಬೆನ್ನ ಮೇಲೆ ಸುಳಿ ಹುಡುಕಿದರು. ನಾಯಿಗೆ ಸುಳಿ ನೋಡುವ ಶಾಸ್ತ್ರ ಉಂಟೋ ಇಲ್ಲವೋ, ಮಾವನಿಗಂತೂ ಸಮಾಧಾನವಾಯಿತು. ಅಜ್ಜಿ ಬೆರಗಾಗಿ ನೋಡುತ್ತಿದ್ದರು. ನಿಮ್ಮ ಮಾವ ಪಶುವೈದ್ಯರೇ ಎಂದರು. ಹೆಚ್ಚು ಕಡಿಮೆ ಹೌದು ಎಂದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಮಾವ ಹೆಗಲ ಮೇಲಿನ ಟವೆಲ್ ತೆಗೆದರು. ಹೌದು, ಜಾಕೆಟ್ ಮೇಲೂ ಟವೆಲ್ ಇರುತ್ತದೆ. ಅಜ್ಜಿಯ ಬಲಗೈ ಹಿಡಿದು ಅದರ ಮೇಲೆ ಟವೆಲ್ ಹೊದಿಸಿದರು.

ಜಾತ್ರೆ ನೋಡಿದವರಿಗೆ ಇದು ಗೊತ್ತಿರುತ್ತದೆ. ಸುತ್ತ ನಿಂತವರಿಗೆ ರೇಟು ತಿಳಿಯಬಾರದೆಂದು ಟವೆಲ್ ಕೆಳಗೆ ಬೆರಳು ಹಿಡಿದೇ ವ್ಯಾಪಾರ. ಮಾವ ಗಂಭೀರವಾಗಿ ಆಕಾಶ ನೋಡುತ್ತ ಅಜ್ಜಿಯ ನಾಲ್ಕು ಬೆರಳು ಹಿಡಿದರು. ಅಜ್ಜಿ ಇದು ಭಾರತದ ಆಶೀರ್ವಾದ ಎಂದುಕೊಂಡರು. ಕಣ್ಣು ಮುಚ್ಚಿದರು. ನನ್ನ ಗಂಡ ನೆಲ ನೋಡಿದರು. ನಾನು ನಾಯಿ ನೋಡಿದೆ. ನಾಯಿಯೂ ನನ್ನನ್ನೇ ನೋಡಿತು. ಟವೆಲ್ ಕೆಳಗೆ ಏನೇನೋ ಅಲುಗಾಡುತ್ತಿತ್ತು. ಮಾವ ಒಮ್ಮೆ ತಲೆಯಾಡಿಸಿದರು, ಅಜ್ಜಿಯೂ ಆಡಿಸಿದರು. ಕೊನೆಗೆ ಅಜ್ಜಿ ಭಕ್ತಿಯಿಂದ ಮಾವನ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಒತ್ತಿದರು.

ಮಾವನ ಮುಖ ಅರಳಿತು. "ಐನೂರಕ್ಕೆ ಒಪ್ಕಂಡವ್ರೆ!"

ಮರಿಯ ಬೆಲೆ 1,400 ಪೌಂಡ್ ಎಂದು ಮಾವನಿಗೆ ನಾನಿನ್ನೂ ಹೇಳಿಲ್ಲ.

ಆಮೇಲೆ ಅಜ್ಜಿಯ ಸರದಿ. ಕನ್ನಡಕ ಹಾಕಿಕೊಂಡು ನೋಟ್‌ಬುಕ್ ತೆರೆದರು. ಮರಿ ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿರುತ್ತದೆ? ಬೇಲಿ ಎಷ್ಟು ಎತ್ತರ? ರಾತ್ರಿ ಎಲ್ಲಿ ಮಲಗುತ್ತದೆ? ಅಡುಗೆಯಲ್ಲಿ ಈರುಳ್ಳಿ ಬಳಸುತ್ತೀರಾ, ಒಣದ್ರಾಕ್ಷಿ ಬಳಸುತ್ತೀರಾ? ಎರಡೂ ನಾಯಿಗೆ ವಿಷವಂತೆ. ನಮ್ಮ ಹುಳಿ, ಕೇಸರಿಬಾತು ಕಣ್ಣ ಮುಂದೆ ಬಂದು ಹೋದವು. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡುವಂತಿಲ್ಲ, ನನಗೇ ವಾಪಸ್ ತಂದುಕೊಡಬೇಕು, ಸಹಿ ಹಾಕುತ್ತೀರಾ? ಹಾಕುತ್ತೇವೆ. ಭಾರತಕ್ಕೆ ಹೋಗುತ್ತಿರುತ್ತೀರಾ? ಇಲ್ಲಿ ನನ್ನ ಗಂಡ ಹರಿಶ್ಚಂದ್ರನಾದರು. ವರ್ಷ ಬಿಟ್ಟು ವರ್ಷ, ಐದು ವಾರ, ಈ ಡಿಸೆಂಬರ್‌ಗೂ ಟಿಕೆಟ್ ಆಗಿದೆ ಎಂದರು. ಅಜ್ಜಿಯ ಪೆನ್ನು ನಿಂತಿತು.

ವಾಪಸ್ ಬರುವಾಗ ನನಗೆ ಉರಿಯುತ್ತಿತ್ತು. ಮುಂಗಡ ನುಂಗಿದವನು ಒಂದೂ ಪ್ರಶ್ನೆ ಕೇಳಿರಲಿಲ್ಲ. ಹೆರದ ತಾಯಿ ತೋರಿಸಿದವನೂ ಕೇಳಿರಲಿಲ್ಲ. ಇವರಿಗೇನು ಇಷ್ಟೊಂದು? ಮಾವ ಹಿಂದಿನ ಸೀಟಿನಿಂದ, "ಆಯಮ್ಮಂಗೆ ಮಾರೋಕೆ ಅವಸರ ಇಲ್ಲ. ಅಂಥೋರ ಹತ್ರಾನೇ ತರ್ಬೇಕು," ಎಂದು ನಿದ್ದೆಹೋದರು.

ತಿಪಟೂರಿನ ನಮ್ಮ ಮನೆಯಲ್ಲಿ ಕೆಂಚಿ ಇದ್ದಳು. ಯಾರೂ ತಂದದ್ದಲ್ಲ, ಒಂದು ಮಳೆಯ ರಾತ್ರಿ ಜಗಲಿಗೆ ಬಂದವಳು ಹನ್ನೆರಡು ವರ್ಷ ಅಲ್ಲೇ ಉಳಿದಳು. ಅವಳ ಸೊಂಟಕ್ಕೆ ಯಾರೂ ಅಂಕ ಕೊಡಲಿಲ್ಲ. ಇದನ್ನೇ ಹೇಳಿ ಗಂಡನ ಮೇಲೆ ರೇಗಿದೆ. ರೇಗುವಾಗಲೇ ಕೆಂಚಿಯ ಮೊದಲ ಸೂಲಿನ ಮರಿಗಳು ನೆನಪಾದವು. ಐದಿದ್ದವು. ಎರಡು ತಿಂಗಳಾಗುವಾಗ ವಾಂತಿ, ರಕ್ತಭೇದಿ. ನಾಲ್ಕು ದಿನದಲ್ಲಿ ನಾಲ್ಕು ಹೋದವು. ದೃಷ್ಟಿ ತಾಗಿತು ಎಂದು ನಮ್ಮಜ್ಜಿ ಮೆಣಸಿನಕಾಯಿ ಸುಟ್ಟಿದ್ದರು. ಅದು ಪಾರ್ವೋ ಎಂಬ ವೈರಸ್ ರೋಗ ಇದ್ದಿರಬೇಕು, ಅದಕ್ಕೆ ಲಸಿಕೆ ಉಂಟು ಎಂದು ನಾನು ತಿಳಿದದ್ದು ಮೊನ್ನೆ, ಆಕ್ಸ್‌ಫರ್ಡ್‌ಶೈರ್‌ನ ಅಜ್ಜಿ ಕೊಟ್ಟ ಹಾಳೆ ಓದುವಾಗ.

ಇಮೇಲ್ ಪೂರ್ತಿ ಹೇಳಲಿಲ್ಲ ಅಲ್ವಾ. ಡಿಸೆಂಬರ್‌ನಲ್ಲಿ ಪುಟ್ಟ ಮರಿಯನ್ನು ಐದು ವಾರ ಬಿಟ್ಟುಹೋಗುವುದು ಸರಿಯಲ್ಲ, ಮುಂದಿನ ವಸಂತದ ಪಟ್ಟಿಯಲ್ಲಿ ನಿಮ್ಮ ಹೆಸರು ಮೂರನೆಯದು ಎಂದಿದ್ದಾರೆ. ಕೊನೆಯಲ್ಲಿ ಇನ್ನೊಂದು ಸಾಲು. ನಿಮ್ಮ ಮಾವ ಯಾವಾಗ ಬೇಕಾದರೂ ಬಂದು ಮರಿಗಳನ್ನು ನೋಡಬಹುದು.

ಮಾವನಿಗೆ ಓದಿ ಹೇಳಿದೆ. ಅವರ ವೀಸಾ ಮುಂದಿನ ತಿಂಗಳು ಮುಗಿಯುತ್ತದೆ. "ಐನೂರಕ್ಕೇ ತಾನೆ? ಮಾತು ಬದಲಾಯಿಸ್ಬಾರ್ದು ಅನ್ನು," ಎಂದರು. ಪಂಜದ ಗುರುತಿನ ಸ್ಟೀಲ್ ಬಟ್ಟಲೊಂದನ್ನು ಮಗಳು ಆಗಲೇ ತಂದಿಟ್ಟಿದ್ದಳು. ಸದ್ಯಕ್ಕೆ ಮಾವ ಅದರಲ್ಲಿ ಎಲೆ ಅಡಿಕೆ ಇಟ್ಟುಕೊಂಡಿದ್ದಾರೆ.